ಪರೋಕ್ಷವಿನಯ

ಲೋಕಕ್ಕೆ ಬೇಕಾದವನೊಬ್ಬ ಅಕಾಲದಲ್ಲಿ ತೀರಿಕೊಂಡನೆಂದರೆ ಊರೂರಿನಲ್ಲಿ ಕುಂಚ ಹಿಡಿಯುವುದು ಈಗ ಒಂದು ಆಚಾರವಾಗಿ ಹೋಗಿದೆ. ಆ ಆಚಾರದ ಬೆನ್ನಿಗೆ ಒಂದು ಮತವೂ ಬೆಳೆದು ನಿಂತಿದೆ. ಚಿತ್ರ ಬರೆದರೆ, ಪ್ರತಿಮೆ ನಿಲ್ಲಿಸಿದರೆ, ಹಾಡು ಕಟ್ಟಿದರೆ ದುಃಖ ಹಗುರವಾಗುತ್ತದೆ, ಒಬ್ಬೊಬ್ಬನ ದುಃಖ ಹಗುರವಾದಂತೆ ನಾಡಿನ ದುಃಖವೂ ಇಳಿಯುತ್ತದೆ, ಸ್ಮಾರಕಕಲೆ ಹುಟ್ಟಿದ್ದೇ ಇದಕ್ಕಾಗಿ, ಅದರ ಸಾರ್ಥಕ್ಯವೂ ಇಷ್ಟರಲ್ಲಿಯೇ ಮುಗಿಯತಕ್ಕದ್ದು ಎಂಬುದು ಆ ಮತದ ಸಾರ. ಶ್ರದ್ಧಾಂಜಲಿ ಸಭೆಗಳ ಭಾಷಣಗಳಲ್ಲಿ, ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ, ಮಕ್ಕಳ ಚಿತ್ರಕಲಾ ಸ್ಪರ್ಧೆಯ ಬಹುಮಾನ ಹಂಚುವ ವೇದಿಕೆಯಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಎದ್ದು ನಿಂತು ಇದು ನಿಜವೇ ಎಂದು ಕೇಳಿದವರನ್ನು ಮಾತ್ರ ಕಾಣೆ. ಕರುಣೆಯ ಹೊದಿಕೆ ಹೊದ್ದು ಬಂದ ಮಾತನ್ನು ಕೆಣಕುವವನು ಕಲ್ಲೆದೆಯವನೆನ್ನಿಸಿಕೊಳ್ಳಬೇಕಾಗುತ್ತದೆ. ಹಳೇಬೀಡಿನ ಮಗ್ಗುಲಲ್ಲಿ ಬಾಳುವೆ ಸವೆಸಿದವನಿಗೆ ಕಲ್ಲೆದೆಯೆಂಬುದು ಅಂಥ ದೊಡ್ಡ ಬೈಗುಳವೇನೂ ಅಲ್ಲವಾದುದರಿಂದ, ನಾನು ಹೇಳಿಬಿಡುತ್ತೇನೆ: ಈ ಮತ ತಪ್ಪು, ಮತ್ತು ಇದರಿಂದ ಸತ್ತವರಿಗೂ ಕಲೆಗೂ ಏಕಕಾಲದಲ್ಲಿ ಅನ್ಯಾಯವಾಗುತ್ತಿದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ಅರಸೀಕೆರೆಯ ಪೇಟೆಬೀದಿಯಲ್ಲಿ ಅಂಗಡಿಗಳ ಬಾಗಿಲು ಅರ್ಧಕ್ಕಿಳಿದುವು. ರೈಲ್ವೆ ಜಂಕ್ಷನ್ನಿನ ಹೊರಗೆ ಆಟೋದವರು ಗಾಜಿಗೆ ಅಂಟಿಸಿದ್ದ ಚಿತ್ರಗಳಿಗೆ ಸೇವಂತಿಗೆ ಸಿಕ್ಕಿಸಿ ಸುಮ್ಮನೆ ಕುಳಿತರು. ಆ ದುಃಖ ನಿಜವಾದ ದುಃಖ. ಅದನ್ನು ಲಘುವಾಗಿ ಆಡುವವನು ನಾನಲ್ಲ. ಮಾರನೆಯ ವಾರ ನಮ್ಮ ಬೀದಿಯ ತಿರುವಿನ ಗೋಡೆಯ ಮೇಲೆ, ಹಿಂದೆ ಅಂಗಡಿಗಳಿಗೆ ಬೋರ್ಡು ಬರೆದು ಬದುಕುತ್ತಿದ್ದು ಫ್ಲೆಕ್ಸು ಬಂದಮೇಲೆ ಕುಂಚವನ್ನು ಅಟ್ಟಕ್ಕೆ ಹಾಕಿದ್ದ ಒಬ್ಬ ಹುಡುಗ, ಚಾಕ್‌ಪೀಸಿನಿಂದ ಚೌಕಗಳನ್ನೆಳೆದುಕೊಂಡು, ಎಡಗೈಯಲ್ಲಿ ಮೊಬೈಲು ಹಿಡಿದು ನೋಡಿ ನೋಡಿ, ಆಳೆತ್ತರದ ಚಿತ್ರವೊಂದನ್ನು ಎರಡು ದಿನದಲ್ಲಿ ಮುಗಿಸಿದ. ಮೋಡಗಳ ನಡುವೆ ಬಿಳಿಯ ರೆಕ್ಕೆಯ ಅಪ್ಪು. ಮೇಲೆ ತೋಳು ಚಾಚಿ ಕರೆಯುತ್ತಿರುವ ತಂದೆತಾಯಿಗಳು. ಆಗ ನಾಡಿನ ತುಂಬ ಬಂದ ಚಿತ್ರಗಳಲ್ಲಿ ಬಹುಪಾಲು ಇದೇ ವಿನ್ಯಾಸದವು. ನಗು ಚೆನ್ನಾಗಿ ಬಂದಿತ್ತು. ಎಡಗಣ್ಣು ಮಾತ್ರ ಬಲಗಣ್ಣಿಗಿಂತ ಒಂದು ಅಂಗುಲ ಮೇಲೆ ಕುಳಿತಿತ್ತು. ನಾನು ಅದನ್ನು ಮೆಲ್ಲಗೆ ಹೇಳಿದಾಗ ಸುತ್ತ ನಿಂತಿದ್ದವರು ಒಟ್ಟಾಗಿ ನನ್ನ ಮೇಲೆ ತಿರುಗಿ ಬಿದ್ದರು: "ಭಾವ ಮುಖ್ಯ ಮೇಷ್ಟ್ರೇ, ಕಣ್ಣು ಮೂಗು ಅಲ್ಲ." ಚಿತ್ರ ಬರೆದವನು ಕೈ ಒರೆಸಿಕೊಳ್ಳುತ್ತ, "ಬರೆದ್ಮೇಲೆ ಎದೆ ಹಗುರ ಆಯ್ತು, ನನಗಷ್ಟು ಸಾಕು" ಎಂದ. ಮತದ ಪೂರ್ವಪಕ್ಷವೆಲ್ಲ ಈ ಎರಡು ವಾಕ್ಯಗಳಲ್ಲಿ ಅಡಗಿದೆ. ಹಗುರವಾದದ್ದು ಬರೆದವನ ಎದೆ. ಸೊಟ್ಟಗಾದದ್ದು ಸತ್ತವನ ಕಣ್ಣು.

ಈ ಮತದವರು ಪ್ರಮಾಣಕ್ಕಾಗಿ ಬಹುದೂರ ಹೋಗುವುದಿಲ್ಲ. "ನಮ್ಮ ಹಿರಿಯರೂ ಇದನ್ನೇ ಮಾಡಿದರಲ್ಲವೆ? ವೀರಗಲ್ಲುಗಳನ್ನು ನೋಡಿ, ಅಲ್ಲಿಯೂ ಸತ್ತವನು ಸ್ವರ್ಗಕ್ಕೆ ಹೋಗುತ್ತಾನೆ, ಅಪ್ಸರೆಯರು ಚಾಮರ ಬೀಸುತ್ತಾರೆ" ಎನ್ನುತ್ತಾರೆ. ಮೇಲ್ನೋಟಕ್ಕೆ ಒಪ್ಪುವಂಥ ಮಾತು. ಆದರೆ ಇದನ್ನು ಆಡುವವರು ವೀರಗಲ್ಲಿನ ಮುಂದೆ ಕಾಲು ಮಡಿಸಿ ಕುಳಿತು ಅದನ್ನು ಕೆಳಗಿನಿಂದ ಮೇಲಕ್ಕೆ ಓದಿದವರಲ್ಲ. ನಮ್ಮ ಸೀಮೆಯ ಕೆರೆಯೇರಿಗಳ ಮೇಲೆ, ಹಾಳು ಗುಡಿಗಳ ಬದಿಯಲ್ಲಿ, ಕೆಲವೆಡೆ ಬಟ್ಟೆ ಒಗೆಯುವ ಕಲ್ಲಾಗಿಯೂ ಬಿದ್ದಿರುವ ಈ ಕಲ್ಲುಗಳಿಗೆ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗಿನದರಲ್ಲಿ ಕೆಲಸ: ತುರುಗಳನ್ನು ಹೊಡೆದುಕೊಂಡು ಹೋಗುವವರು, ಅಡ್ಡ ನಿಂತವನು, ಬಿಲ್ಲು, ಕಠಾರಿ, ಕೆಳಗುರುಳಿದ ಕುದುರೆ. ನಡುವಿನದರಲ್ಲಿ ಪ್ರಯಾಣ. ಮೇಲಿನದರಲ್ಲಿ ಲಿಂಗದ ಅಥವಾ ಜಿನನ ಸನ್ನಿಧಿ, ಅದರ ನೆತ್ತಿಯಲ್ಲಿ ಸೂರ್ಯಚಂದ್ರರು. ಕಲ್ಕುಟಿಗನು ತನ್ನ ಉಳಿಯ ಶ್ರಮದಲ್ಲಿ ಬಹುಭಾಗವನ್ನು ಸಲ್ಲಿಸುವುದು ಕೆಳಗಿನ ಅಂತಸ್ತಿಗೆ. ಸ್ವರ್ಗಕ್ಕೆ ಅವನಲ್ಲಿ ಒಂದು ಸಿದ್ಧ ಅಚ್ಚಿದೆ, ಅದು ಎಲ್ಲ ಕಲ್ಲಿನಲ್ಲಿಯೂ ಹೆಚ್ಚುಕಡಮೆ ಒಂದೇ. ನಮ್ಮ ಬೀದಿಯ ಗೋಡೆಯಲ್ಲಿದ್ದುದು ಮೂರನೆಯ ಅಂತಸ್ತು ಮಾತ್ರ. ಸತ್ತವನು ಏನು ಮಾಡಿದನೆಂಬುದು ಆ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ; ಅವನು ಮೇಲೆ ಹೋದನೆಂಬುದಷ್ಟೇ ಇತ್ತು. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಈ ಮೂರು ಅಂತಸ್ತಿನಲ್ಲಿ ಅಳುವವರಿಗೆ ಜಾಗವಿಲ್ಲ. ಸತ್ತವನ ಹೆಂಡತಿ, ತಾಯಿ, ಮಕ್ಕಳು, ಊರಿನವರು ಅತ್ತಿರಲಾರರೆ? ಅತ್ತಿರುತ್ತಾರೆ. ಆದರೆ ಅವರ ಅಳಲನ್ನು ಕಲ್ಲಿನಲ್ಲಿ ಕೆತ್ತಬೇಕೆಂದು ಕೆತ್ತಿಸಿದವರಿಗೂ ಕೆತ್ತಿದವರಿಗೂ ತೋರಲಿಲ್ಲ. ಕಲ್ಲು ಸತ್ತವನದು, ಅದರಲ್ಲಿ ಉಳಿದವರ ಮುಖಕ್ಕೆ ಏನು ಕೆಲಸ?

ಕಲ್ಲು ನಿಲ್ಲಿಸಿದಲ್ಲಿಗೆ ಕಾರ್ಯ ಮುಗಿಯುತ್ತಲೂ ಇರಲಿಲ್ಲ. ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ ಎಂದು ಶಾಸನಗಳಲ್ಲಿ ಬರುವ ಮಾತುಗಳನ್ನು ಒಮ್ಮೆ ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಬೇಕು. ಇವು ಹೋರಾಡಿದವನಿಗೆ, ಇಲ್ಲವೆ ಮಡಿದವನ ಮನೆಯವರಿಗೆ, ಬಿಟ್ಟ ಭೂಮಿಯ ಹೆಸರುಗಳು. ಗದ್ದೆಯಿಷ್ಟು, ಬೆದ್ದಲಿಷ್ಟು, ಗಡಿ ಇಂಥದು, ಇದಕ್ಕೆ ತಪ್ಪಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು ಕಂಡರಿಸಿ ನಿಲ್ಲಿಸಿದ ಮೇಲೆ ಆ ಕಲ್ಲು ನೋಟದ ವಸ್ತುವಾಗಿ ಉಳಿಯದೆ ಊರಿನ ಮೇಲೆ ಬರೆದ ಋಣಪತ್ರವಾಗುತ್ತದೆ. ಮದ್ದೂರು ಸೀಮೆಯ ಆತಕೂರಿನ 949ರ ಸುಮಾರಿನ ಶಾಸನದ ಕಥೆ ಇನ್ನೂ ಚೋದ್ಯವಾದದ್ದು. ಯುದ್ಧದಲ್ಲಿ ಮೆಚ್ಚಿಸಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಅರಸನ ಕಾಳಿಯೆಂಬ ನಾಯಿಯನ್ನು. ಆ ನಾಯಿ ಮುಂದೆ ಒಂದು ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಜೊತೆಯಲ್ಲಿ ಸತ್ತುವು. ಅದಕ್ಕೊಂದು ಕಲ್ಲು ನಿಂತಿತು. ಕಲ್ಲಿಗೆ ಮಣ್ಣು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುವುದೆಂದು ಕಟ್ಟುಮಾಡಿದರು. ಒಂದು ನಾಯಿಯ ನೆನಪಿಗೂ ದಿನದಿನದ ಹೊಣೆಗಾರನೊಬ್ಬನನ್ನು ನೇಮಿಸದೆ ಬಿಡದಿದ್ದ ಜನ ಅವರು. ನಾವೋ ನಾಡೇ ಅತ್ತ ಮನುಷ್ಯನೊಬ್ಬನ ಚಿತ್ರವನ್ನು ಬರೆದು, ಅದರ ಮುಂದೆ ನಿಂತು ಫೋಟೋ ತೆಗೆಯಿಸಿಕೊಂಡು, ಎದೆ ಹಗುರ ಮಾಡಿಕೊಂಡು ಮನೆಗೆ ಹೋಗುತ್ತೇವೆ; ಮೂರು ಮಳೆಗಾಲ ಕಳೆಯುವ ಹೊತ್ತಿಗೆ ಆ ಗೋಡೆಯ ಮೇಲೆ ಕೊಳವೆಬಾವಿ ಕೊರೆಯುವವರ ಫೋನ್ ನಂಬರು ಬಂದು ಕುಳಿತಿರುತ್ತದೆ.

ಹಳೇಬೀಡಿಗೆ ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಹೊಯ್ಸಳೇಶ್ವರನಿಂದ ನೇರವಾಗಿ ಬಸ್ಸಿಗೆ ಮರಳುತ್ತಾರೆ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿರುವ ಬಸದಿಹಳ್ಳಿಗೆ ಹೋಗುವವರು ಕೆಲವರು. ಅಲ್ಲಿಯ ಪಾರ್ಶ್ವನಾಥ ಬಸದಿ, ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು 1133ರಲ್ಲಿ ತಂದೆಯ ನೆನಪಿಗಾಗಿ ಎತ್ತಿಸಿದ್ದು; ಗಂಗರಾಜನ ಬಿರುದಿನಿಂದಲೇ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಾಯಿತು. ಈ ಗಂಗರಾಜನೂ ತನ್ನ ಕಾಲದಲ್ಲಿ ತಾಯಿಗೆ, ಹೆಂಡತಿಗೆ, ಗುರು ಶುಭಚಂದ್ರರಿಗೆ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ನಿಸಿದಿಗಳನ್ನು ನಿಲ್ಲಿಸಿದವನು. ಒಬ್ಬ ಮನುಷ್ಯ ಮೂರು ಸಾವುಗಳನ್ನು ಕಂಡು ಮೂರು ಸಲ ಕಲ್ಲು ನಿಲ್ಲಿಸಿ, ಕೊನೆಗೆ ತಾನೇ ಒಂದು ಬಸದಿಗೆ ಕಾರಣನಾದ. ಇಂಥ ನಿಲುಗಡೆಗೆ ನಮ್ಮ ಶಾಸನಕಾರರು ಇಟ್ಟ ಹೆಸರು ಪರೋಕ್ಷವಿನಯ: ಕಣ್ಣ ಮುಂದೆ ಇಲ್ಲದವರಿಗೆ ಸಲ್ಲಿಸುವ ವಿನಯ. ದುಃಖಶಮನವೆಂದಾಗಲಿ ಶೋಕಪರಿಹಾರವೆಂದಾಗಲಿ ಕರೆಯಲು ಅವರಿಗೆ ಶಬ್ದದಾರಿದ್ರ್ಯವಿದ್ದಿತೆ? ಸಂಸ್ಕೃತ ಕನ್ನಡಗಳೆರಡೂ ಅವರ ನಾಲಿಗೆಯ ತುದಿಯಲ್ಲಿದ್ದುವು. ಆದರೂ ಅವರು ಆರಿಸಿಕೊಂಡದ್ದು ವಿನಯವೆಂಬ ಮಾತನ್ನು. ಅದು ನಿಲ್ಲಿಸಿದವನ ಚಿತ್ತಸ್ಥಿತಿಯನ್ನು ಹೇಳುವ ಮಾತಲ್ಲ, ಸತ್ತವನ ಎದುರಿನಲ್ಲಿ ಅವನು ನಿಲ್ಲಬೇಕಾದ ಭಂಗಿಯನ್ನು ಹೇಳುವ ಮಾತು.

ಆ ಬಸದಿಯ ನವರಂಗದಲ್ಲಿ ಕಡೆದು ನುಣುಪು ಮಾಡಿದ ಕಂಬಗಳಿವೆ. ಎದುರಿಗೆ ನಿಂತರೆ ನೋಡುವವನ ಮುಖವೇ ಕಪ್ಪಾಗಿ, ಉದ್ದವಾಗಿ, ನಡುವಿನಲ್ಲಿ ಹಿಸುಕಿದಂತಾಗಿ ಕಾಣುತ್ತದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಗರ್ಭಗೃಹದ ಎತ್ತರದ ಪಾರ್ಶ್ವನಾಥನನ್ನು ಬಿಟ್ಟು ಅವರು ಕಂಬಗಳ ಮುಂದೆ ಹಲ್ಲು ಕಿರಿಯುತ್ತ ನಿಂತುಬಿಡುವುದನ್ನು ಕಂಡಿದ್ದೇನೆ. ಮಕ್ಕಳಿಗೆ ಅದು ಶೋಭಿಸುತ್ತದೆ. ದೊಡ್ಡವರು ಇದನ್ನೇ ಒಂದು ಕಲಾಸಿದ್ಧಾಂತವನ್ನಾಗಿ ಮಾಡಿಕೊಂಡಿರುವುದು ನನಗೆ ಸಹಿಸದು. ತಾಜಮಹಲಿನ ಮಾತೆತ್ತುವವರಿಗೂ ಇಷ್ಟೇ ಹೇಳಬಹುದು: ಕಣ್ಣೀರೆಂದು ಕವಿಗಳು ಕರೆದ ಆ ಕಟ್ಟಡದ ಗೋಡೆಗಳ ಮೇಲೆ ಬರೆದಿರುವುದು ಕುರಾನಿನ ವಚನಗಳು, ಅವುಗಳಲ್ಲಿ ಅನೇಕವು ತೀರ್ಪಿನ ದಿನವನ್ನು ನೆನೆಯಿಸತಕ್ಕವು, ದೊರೆಯ ಅಳಲಲ್ಲ.

ಇನ್ನು ಎದುರಾಳಿಗಳ ಅತ್ಯಂತ ಬಲವಾದ ವಾದಕ್ಕೆ ಬರೋಣ. ಅದನ್ನು ಎತ್ತಿದವರು ಒಬ್ಬ ಹಿರಿಯ ಸ್ನೇಹಿತರು, ಅದೂ ಹೊಯ್ಸಳೇಶ್ವರನ ದಕ್ಷಿಣಕ್ಕೆ ನಿಂತಿರುವ ಗರುಡಗಂಬದ ಬುಡದಲ್ಲಿ. ಇಮ್ಮಡಿ ಬಲ್ಲಾಳನ ಸಾವಿನೊಡನೆ, 1220ರ ಸುಮಾರಿನಲ್ಲಿ, ಅವನ ಅಂಗರಕ್ಷಕನೂ ದಂಡನಾಯಕನೂ ಆದ ಕುವರ ಲಕ್ಷ್ಮನು ಹೆಂಡತಿಯೊಡನೆಯೂ ತನ್ನ ಪಡೆಯವರೊಡನೆಯೂ ಪ್ರಾಣ ಬಿಟ್ಟದ್ದನ್ನು ಆ ಕಂಬದ ಶಾಸನ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಭಟರ ಉಬ್ಬುಚಿತ್ರಗಳು ಅದರ ಸುತ್ತ ಇವೆ. "ನೋಡಿ, ದುಃಖಕ್ಕೆ ದಾರಿ ಸಿಗದಿದ್ದರೆ ಇದೇ ಆಗುವುದು. ಅಪ್ಪು ಹೋದಾಗಲೂ ಕೆಲವರು ಪ್ರಾಣ ಕಳೆದುಕೊಂಡ ಸುದ್ದಿ ಬರಲಿಲ್ಲವೆ? ಹಾಗೆ ಮಾಡಿಕೊಳ್ಳಬೇಡಿರೆಂದು ಅವರ ಮನೆಯವರೇ ಬೇಡಿಕೊಳ್ಳಬೇಕಾಗಲಿಲ್ಲವೆ? ಇದಕ್ಕಿಂತ ಗೋಡೆಯ ಮೇಲೆ ನಾಲ್ಕು ಗೆರೆ ಎಳೆದು ಸಮಾಧಾನ ಪಡುವುದು ಮೇಲಲ್ಲವೇನು?" ಎಂದರು.

ಮೇಲು, ಅದರಲ್ಲಿ ಸಂದೇಹವಿಲ್ಲ. ಒಡೆಯನೊಡನೆ ಪ್ರಾಣ ಬಿಡುವ ಗರುಡರ ಆ ಆಚಾರವನ್ನು ಎತ್ತಿಹಿಡಿಯುವ ಹುಚ್ಚು ನನಗಿಲ್ಲ; ಆ ಕಂಬದ ಮುಂದೆ ನಿಂತಾಗ ನನಗೆ ಮೆಚ್ಚಿಗೆಗಿಂತ ಮೊದಲು ನಡುಕ ಬರುತ್ತದೆ. ಆದರೆ ಸ್ನೇಹಿತರು ಕಂಬವನ್ನು ತಪ್ಪಾಗಿ ಓದಿದರು. ಕುವರ ಲಕ್ಷ್ಮ ಸತ್ತದ್ದು ದುಃಖಕ್ಕೆ ದಾರಿ ಸಿಗದೆ ಅಲ್ಲ. ಜೋಳದ ಪಾಳಿ, ವೇಳೆವಾಳಿ ಎಂದು ಹಳಗನ್ನಡ ಕರೆದ, ಉಂಡ ಅನ್ನಕ್ಕೂ ಕೊಟ್ಟ ಮಾತಿಗೂ ತಪ್ಪಬಾರದೆಂಬ ಒಂದು ವ್ರತವನ್ನು ಅರಸನು ಬದುಕಿದ್ದಾಗಲೇ ಕೈಕೊಂಡು, ಅವನು ಸತ್ತಾಗ ಅದನ್ನು ತೀರಿಸಿದ. ವ್ರತ ಭಯಂಕರವಾದದ್ದು, ಕಾಲ ಕ್ರೂರವಾದದ್ದು, ಒಪ್ಪಿದೆ. ಆದರೆ ಕಂಬದ ವಿಷಯ ಶೋಕವಲ್ಲ, ಋಣ. ಬಣ್ಣ ಬಳಿಯುವುದರಿಂದ ಒಂದು ಜೀವ ಉಳಿಯುವುದಾದರೆ ನಾಡಿನ ಗೋಡೆಗಳೆಲ್ಲ ಬಣ್ಣವಾಗಲಿ. ನಾನೇ ಡಬ್ಬಿ ಹಿಡಿದು ನಿಲ್ಲುತ್ತೇನೆ. ಆಗ ಅದನ್ನು ಔಷಧವೆಂದು ಕರೆಯೋಣ. ಜ್ವರಕ್ಕೆ ಕುಡಿದ ಕಷಾಯವನ್ನು ದೇವರ ನೈವೇದ್ಯವೆಂದು ಹೇಳಿ ಊರಿಗೆಲ್ಲ ಹಂಚುವುದು ಏಕೆ? ಈಗ ಆಗುತ್ತಿರುವುದು ಅದೇ. ರೋಗಿಗೆ ಆರಾಮವಾಯಿತೆಂಬುದೇ ಕೃತಿಯ ಯೋಗ್ಯತೆಗೆ ಪ್ರಮಾಣವಾಗಿ, ಕೃತಿಯನ್ನು ನೋಡುವ ಕಣ್ಣುಗಳು ಮುಚ್ಚಿಹೋಗುತ್ತಿವೆ.

ಪಂಡಿತರಾದವರು ಇಲ್ಲಿ ವಾಲ್ಮೀಕಿಯನ್ನು ಕರೆತರುತ್ತಾರೆ. ಕ್ರೌಂಚದ ಸಾವನ್ನು ಕಂಡ ಋಷಿಯ ಶೋಕವೇ ಶ್ಲೋಕವಾಯಿತಲ್ಲವೆ, ಕಾವ್ಯದ ಹುಟ್ಟೇ ದುಃಖದ ಬಿಡುಗಡೆಯಲ್ಲವೆ ಎಂದು ಕೇಳುತ್ತಾರೆ. ಆನಂದವರ್ಧನನು ಆ ಮಾತನ್ನು ಎತ್ತಿಕೊಂಡದ್ದುಂಟು. ಆದರೆ ಅವನ ಗ್ರಂಥಕ್ಕೆ ಲೋಚನವನ್ನು ಬರೆದ ಅಭಿನವಗುಪ್ತನು ಅಲ್ಲಿಯೇ ತಡೆದು ನಿಲ್ಲಿಸಿ, ಇದು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದು, ದುಃಖದಲ್ಲಿ ಬೇಯುತ್ತಿರುವವನಿಗೆ ಇಂಥ ದಶೆ ಸಂಭವಿಸುವುದಿಲ್ಲ ಎಂಬ ಅಭಿಪ್ರಾಯವನ್ನು ನಿಸ್ಸಂದಿಗ್ಧವಾಗಿ ಹೇಳಿದ್ದಾನೆ. ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಕುಳಿತು ಅವನು ಕಂಡ ಸೂಕ್ಷ್ಮ ನಮಗೆ ಇಂದು ಕಾಣದೆ ಹೋಗಿದೆ. ಅಲ್ಲದೆ ಆ ಮೊದಲ ಶ್ಲೋಕವಾದರೂ ಏನು? ಬೇಡನಿಗೆ ಕೊಟ್ಟ ಶಾಪ. ಅದರಿಂದ ಋಷಿಗೆ ಸಮಾಧಾನ ದೊರೆಯಿತೆ? ಇಲ್ಲ, ತಾನು ಏನಂದುಬಿಟ್ಟೆನೆಂಬ ಚಿಂತೆ ಹತ್ತಿತು, ಅನಂತರ ಒಂದು ಮಹಾಕಾವ್ಯದ ಹೊರೆ ಹೆಗಲೇರಿತು. ಹಗುರಾಗುವುದಕ್ಕೆ ಹೊರಟವನು ಇಪ್ಪತ್ತನಾಲ್ಕು ಸಾವಿರ ಶ್ಲೋಕಗಳನ್ನು ಹೊತ್ತನೆಂದರೆ ಯಾರು ನಂಬುವರು?

ದುಃಖಕ್ಕೆ ದಾರಿ ಬೇಕೆಂದರೆ ಅದಕ್ಕೆ ನಮ್ಮ ಹಳ್ಳಿಗಳು ಎಂದೋ ದಾರಿ ಮಾಡಿವೆ. ನನ್ನ ಸೋದರತ್ತೆ ಗಂಡನ ಹೆಣದ ಮುಂದೆ ಕುಳಿತು ಹಾಡಿಕೊಂಡು ಅತ್ತದ್ದು ನನಗೆ ಈಗಲೂ ಕಿವಿಯಲ್ಲಿದೆ. ಯಾವ ಸಾಲಿನ ತೆಂಗನ್ನು ಅವನು ನೆಟ್ಟ, ಯಾವ ಬರದ ವರ್ಷ ಬಿಂದಿಗೆ ಹೊತ್ತು ಅದನ್ನು ಉಳಿಸಿದ, ಯಾರ ಮದುವೆಗೆ ಸಾಲ ಎತ್ತಿದ, ಆ ಸಾಲದಲ್ಲಿ ಇನ್ನೆಷ್ಟು ಉಳಿದಿದೆ, ಎಲ್ಲವೂ ಆ ರಾಗದಲ್ಲಿ ಬಂತು. ಬಾಗಿಲಲ್ಲಿ ನಿಂತಿದ್ದ ಸಾಲಗಾರರೊಬ್ಬರು ತಲೆ ತಗ್ಗಿಸಿದ್ದೂ ನೆನಪಿದೆ. ಅವಳ ಅಳುವಿನಲ್ಲಿಯೂ ಕೆಳಗಿನ ಅಂತಸ್ತೇ ಮುಖ್ಯವಾಗಿತ್ತು. ಹನ್ನೊಂದು ದಿನ, ತಿಥಿ, ವರ್ಷಕ್ಕೊಮ್ಮೆ ಹಿರಿಯರ ಹಬ್ಬಕ್ಕೆ ಎಡೆ. ದುಃಖವನ್ನು ಇಳಿಸುವ ಮೆಟ್ಟಿಲುಗಳು ಇವು. ಅವನ್ನು ಮುರಿದುಹಾಕಿ, ಅವುಗಳ ಕೆಲಸವನ್ನೆಲ್ಲ ಕಲೆಯ ತಲೆಗೆ ಕಟ್ಟಿದ ನಾವು, ಕಲೆ ಸೊಟ್ಟಗಾದಾಗ ಭಾವ ಮುಖ್ಯವೆಂದು ಸಮಾಧಾನ ಹೇಳಿಕೊಳ್ಳುತ್ತೇವೆ.

ಬೇರೆ ಬಗೆಯ ನೆನಪು ಸಾಧ್ಯವೆಂಬುದಕ್ಕೆ ಅರಸೀಕೆರೆಯವರು ಊರು ಬಿಟ್ಟು ಹೋಗಬೇಕಾಗಿಲ್ಲ. 1944ರ ಫೆಬ್ರವರಿ 22ರಂದು ಕಸ್ತೂರಬಾ ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡಾಗ ದೇಶವೆಲ್ಲ ಅತ್ತಿತು. 75 ಲಕ್ಷ ರೂಪಾಯಿಯ ಸ್ಮಾರಕನಿಧಿಗೆ ಕರೆ ಹೋಯಿತು. ಅಷ್ಟು ಹಣದಲ್ಲಿ ಎಷ್ಟು ಪ್ರತಿಮೆಗಳು ನಿಲ್ಲಬಹುದಿತ್ತೆಂಬುದನ್ನು ಊಹಿಸಬಹುದು. ಗಾಂಧೀಜಿ ಅದನ್ನು ಹಳ್ಳಿಯ ಹೆಂಗಸರು ಮಕ್ಕಳ ಸೇವೆಗೆಂದು ತಿರುಗಿಸಿದರು. ಆ ನಿಧಿಯ ಟ್ರಸ್ಟಿನ ಕರ್ನಾಟಕ ಶಾಖೆ ಬಂದು ನೆಲಸಿದ್ದು ನಮ್ಮ ಅರಸೀಕೆರೆಯಲ್ಲಿ. ಇದು ಕಲೆಯಲ್ಲವೆಂದು ಆಕ್ಷೇಪಿಸುವವರುಂಟು. ಒಪ್ಪುತ್ತೇನೆ, ಆದರೆ ಕಲ್ಲಿನ ಜೊತೆಗೆ ಬಿಟ್ಟ ಗದ್ದೆಯೂ ಕಲೆಯಲ್ಲ, ಅದಿಲ್ಲದೆ ಕಲ್ಲಿಗೆ ಅರ್ಥವೂ ಇಲ್ಲ. ಪುನೀತರ ವಿಷಯದಲ್ಲಿಯೂ ಕೆಳಗಿನ ಅಂತಸ್ತಿಗೆ ವಸ್ತುವಿಗೇನು ಬರವಿತ್ತೆ? ತಂದೆ ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾಗಿದ್ದುವು. ಮಗನ ಕಣ್ಣುಗಳೂ ದಾನವಾದುವು. ಎರಡು ಕಣ್ಣುಗಳ ಪಟಲಗಳನ್ನು ಪದರ ಪದರವಾಗಿ ಬಿಡಿಸಿ ವೈದ್ಯರು ನಾಲ್ವರಿಗೆ ದೃಷ್ಟಿ ಬರಿಸಿದರು. ಒಂದು ಸಾವು, ನಾಲ್ಕು ಮುಖಗಳಲ್ಲಿ ಬೆಳಕು: ಹೊಯ್ಸಳರ ಕಲ್ಕುಟಿಗನೊಬ್ಬನಿಗೆ ಇಂಥ ಸಂಗತಿ ಸಿಕ್ಕಿದ್ದರೆ ಅವನು ಕೆಳಗಿನ ಪಟ್ಟಿಯಲ್ಲಿ ಆ ನಾಲ್ವರನ್ನು ಸಾಲಾಗಿ ಕೂರಿಸದೆ ಬಿಡುತ್ತಿದ್ದನೆ? ನಾಡಿನ ಗೋಡೆಗಳ ಮೇಲೆ ನಾನು ಕಂಡ ರೆಕ್ಕೆಗಳನ್ನು ಲೆಕ್ಕವಿಟ್ಟಿಲ್ಲ. ಆ ನಾಲ್ವರನ್ನು ಬರೆದ ಗೋಡೆಯನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ಇದನ್ನೆಲ್ಲ ನಮ್ಮ ಬೀದಿಯ ಚಿತ್ರಗಾರನಿಗೂ ಒಂದು ಸಂಜೆ ಹೇಳಿದೆ. ಗೋಡೆಯ ಕೆಳಭಾಗ ಆಗಲೇ ಮಳೆಗೆ ಹೊಪ್ಪಳಿಸಿ ಉದುರಿತ್ತು. ಮೋಡಗಳು ಹೋಗಿ ನಗುವೂ ಸೊಟ್ಟ ಕಣ್ಣೂ ಉಳಿದಿದ್ದುವು. ಅವನು ತಾಳ್ಮೆಯಿಂದ ಕೇಳಿದ; ಕೊನೆಗೆ, "ನೀವು ಹೇಳೋದು ಓದಿದೋರ ಮಾತು ಮೇಷ್ಟ್ರೇ. ಅವತ್ತು ನಾನು ಬಣ್ಣ ಕಲಸ್ದೆ ಇದ್ದಿದ್ರೆ ಇನ್ನೇನ್ ಮಾಡ್ಬೇಕಿತ್ತು ಹೇಳಿ?" ಎಂದ.

"ಅಳಬೇಕಾಗಿತ್ತಪ್ಪ" ಎಂದೆ.

"ಅತ್ತೆನಲ್ಲ! ಅತ್ಕೊಂಡೇ ಬರೆದೆ."

"ಅದಕ್ಕೇ ಕಣ್ಣು ಮೇಲೆ ಹೋಯಿತು. ಅತ್ತು ಮುಗಿಸಿ ಬರೆಯಬೇಕಾಗಿತ್ತು."

ಅವನಿಗೆ ಸಿಟ್ಟು ಬಂತೆಂದು ತೋರುತ್ತದೆ. ಮಾತಾಡದೆ ಎದ್ದು ಹೋದ. ಮೂರು ದಿನದ ಮೇಲೆ ಹಾಲು ತರಲು ಹೊರಟಾಗ ನೋಡುತ್ತೇನೆ, ಗೋಡೆಗೆ ಬಿದಿರಿನ ಏಣಿ ಆನಿಸಿತ್ತು. ಹಳೆಯ ಎಡಗಣ್ಣನ್ನು ಉಪ್ಪುಕಾಗದದಿಂದ ಉಜ್ಜಿ ಬೋಳು ಮಾಡಿ, ಮೂಗಿನ ಗೆರೆಯಿಂದ ದಾರ ಹಿಡಿದು ಅಳೆಯುತ್ತಿದ್ದ. ನನ್ನತ್ತ ತಿರುಗದೆಯೇ, "ಆ ನಾಲ್ಕು ಜನದಲ್ಲಿ ಹೆಂಗಸ್ರು ಎಷ್ಟು, ಗಂಡಸ್ರು ಎಷ್ಟು ಮೇಷ್ಟ್ರೇ?" ಎಂದು ಕೇಳಿದ.